ಮುಖವಾಡ: ಆರ್ಥರ್ ಗ್ಲೆನ್‌ಮೋರ್

ರೋಮ್, ಅಕ್ಟೋಬರ್ 11, 1959

ಪ್ರೀತಿಯ ಅಕ್ಕ ಎರ್ಸೀಲಿಯಾಗೆ,

ನೀನು ಕಳಿಸಿದ ಉಣ್ಣೆಯ ಅಂಗಿ ಬಂತು. ಒಂದು ತೋಳು ಉದ್ದ, ಇನ್ನೊಂದು ಗಿಡ್ಡ. ಅಮ್ಮ ಹೆಣೆದದ್ದು ಅಂತ ಬರೆದಿದ್ದೀಯ, ನಾನು ನಂಬಲಿಲ್ಲ. ಇದು ನೀನು ನಮ್ಮ ಹೊಗೆಸೊಪ್ಪಿನ ಅಂಗಡಿಯಲ್ಲಿ ಕುಳಿತು ಗಿರಾಕಿಗಳ ಜೊತೆ ಜಗಳವಾಡುತ್ತಾ ಹೆಣೆದ ತೋಳು. ಇರಲಿ, ಬೆಚ್ಚಗಿದೆ.

ಕೆಲಸ ಎಂಥದ್ದು ಅಂತ ಕೇಳಿದ್ದೀಯ. ಬಡಗಿ ಕೆಲಸವೇ, ಆದರೆ ಇಲ್ಲಿ ನಾನು ಮಾಡುವ ಬಾಗಿಲುಗಳ ಹಿಂದೆ ಮನೆ ಇರುವುದಿಲ್ಲ. ಸಿನಿಮಾದವರಿಗೆ ರಟ್ಟು ಮತ್ತು ಗಾರೆಯಲ್ಲಿ ಕೋಟೆ ಕಟ್ಟುತ್ತಿದ್ದೇವೆ. ಸ್ಕಾಟ್ಲೆಂಡಿನ ಕೋಟೆಯಂತೆ. ಫ್ರಸ್ಕಾತಿಯ ಹತ್ತಿರ ಒಂದು ಹಾಳು ಬಂಗಲೆ ಹಿಡಿದಿದ್ದಾರೆ. ಅದರ ಹಿತ್ತಿಲಲ್ಲಿ ಗುಂಡಿ ತೋಡಿ, ಮೈದಾ ಗಂಜಿಗೆ ಕಾಫಿ ಚರಟ ಬೆರೆಸಿ ಸುರಿದರೆ ಜೌಗು ಭೂಮಿ ತಯಾರು. ಅದರೊಳಗಿಂದ ಒಂದು ರಾಕ್ಷಸ ಎದ್ದು ಬರಬೇಕು. ಅವನ ಮೈಗೆ ಅಂಟಿಸಲು ಕಸಾಯಿಖಾನೆಯಿಂದ ದಿನಾ ದನದ ಬೋಟಿ ಬರುತ್ತದೆ. ದೊಡ್ಡ ದೀಪಗಳ ಶಾಖಕ್ಕೆ ಮಧ್ಯಾಹ್ನದ ಹೊತ್ತಿಗೆ ಗಬ್ಬು ನಾರುತ್ತದೆ, ಸುತ್ತಲಿನ ಬೆಕ್ಕುಗಳೆಲ್ಲ ಬಂದು ಕೂರುತ್ತವೆ. ಶನಿವಾರವಾದರೆ ಬೋಟಿಗೆ ಬಾಯಿ ಬಿಡುವ ರೋಮಿನವರೂ ಈಗ ಮೂಗು ಮುಚ್ಚಿಕೊಂಡು ಓಡಾಡುತ್ತಾರೆ.

ಇಲ್ಲಿನ ಇನ್ನೊಂದು ತಮಾಷೆ ಕೇಳು. ಇಟಲಿಯವರು ಮಾಡಿದ ದೆವ್ವಕ್ಕೆ ಇಟಲಿಯವರು ಹೆದರುವುದಿಲ್ಲವಂತೆ. ಅದಕ್ಕೆ ಎಲ್ಲರಿಗೂ ಇಂಗ್ಲಿಷ್ ಹೆಸರು. ನಮ್ಮ ನಿರ್ದೇಶಕ ತೆರೆಂಜಿ, ಹುಟ್ಟಿದ್ದು ಇಲ್ಲೇ ರೋಮಿನ ತ್ರಸ್ತೇವೆರೆಯ ಗಲ್ಲಿಯಲ್ಲಿ, ಪರದೆಯ ಮೇಲೆ ಡೊನಾಲ್ಡ್ ಹಾರ್ಕ್‌ನೆಸ್. ದೀಪ ಹೊರುವವನೂ ಒಬ್ಬ ಸ್ಮಿತ್. ಊಟದ ಹೊತ್ತಿಗೆ ಈ ಇಂಗ್ಲಿಷರೆಲ್ಲ ಸೇರಿ ಬೆಳ್ಳುಳ್ಳಿ ಸುಲಿಯುತ್ತಾರೆ.

ಈಗ ನಿಜವಾದ ವಿಷಯ. ರಾಕ್ಷಸನ ಪಾತ್ರ ಮಾಡುವವನಿಗೆ ರಬ್ಬರಿನ ಮುಖವಾಡ ಹಾಕಿದ್ದರು. ಮೂರನೇ ದಿನಕ್ಕೆ ಅದು ಬಿಸಿಗೆ ಸೀಳಿತು, ಅಂಟಿಗೆ ಅವನ ಮುಖವೆಲ್ಲ ಗುಳ್ಳೆಯೆದ್ದಿತು, ಅವನು ಬಿಟ್ಟು ಹೋದ. ತೆರೆಂಜಿ ತಲೆಯ ಮೇಲೆ ಕೈಹೊತ್ತು ಕುಳಿತವರು ಕಣ್ಣೆತ್ತಿ ನನ್ನನ್ನು ನೋಡಿದರು.

"ಏಯ್ ಒರೇಸ್ತೆ, ಏಣಿಯಿಂದ ಇಳಿ. ದೀಪದ ಕೆಳಗೆ ನಿಲ್ಲು. ಬಲಕ್ಕೆ ತಿರುಗು" ಅಂದರು.

ತಿರುಗಿದೆ. ಮುಖದ ಸುಟ್ಟ ಎಡಭಾಗ ಪೂರ್ತಿ ಅವರ ಕಡೆಗೆ ಬಂತು.

"ಬೇಜಾರ್ ಮಾಡ್ಕೋಬೇಡಪ್ಪ. ಒಂದ್ ಮಾತು ಕೇಳ್ಲಾ?"

"ಕೇಳೋದೇನಿದೆ? ಆಗ್ಲೇ ನೋಡಿದ್ರಲ್ಲ" ಅಂದೆ.

ಒಪ್ಪಿಕೊಂಡೆ ಅಕ್ಕ. ಇಷ್ಟು ವರ್ಷ ಜನ ನನ್ನನ್ನು ನೋಡಿ ಬಿಟ್ಟಿಯಾಗಿ ಹೆದರಿದ್ದಾರೆ, ಇನ್ನು ಟಿಕೆಟ್ ಕೊಂಡು ಹೆದರಲಿ. ಅಮ್ಮನಿಗೆ ಹೇಳಬೇಡ. ಬಡಗಿ ಕೆಲಸ ಅಂತಲೇ ಇರಲಿ.

ನಿನ್ನ ತಮ್ಮ,
ಒರೇಸ್ತೆ


ಕೊಲ್ಲೆರಾಮೊ, ನವೆಂಬರ್ 2, 1959

ಒರೇಸ್ತೆ,

ಇವತ್ತು ಸತ್ತವರ ಹಬ್ಬ. ಬೆಳಿಗ್ಗೆ ಅಪ್ಪನ ಗೋರಿಗೆ ಸೇವಂತಿಗೆ ಇಟ್ಟು ಬಂದೆವು. ಅಲ್ಲಿ ನಿಂತು ಅಪ್ಪನಿಗೆ ನಿನ್ನ ಮೇಲೆ ಚಾಡಿ ಹೇಳಿದ್ದೇನೆ. ಬದುಕಿರುವವರಿಗೆ ಹೇಳುವ ಹಾಗಿಲ್ಲವಲ್ಲ.

ನಿನ್ನ ಕಾಗದ ಓದಿ ಮೈ ಉರಿಯಿತು. ನಗಿಸುವ ಹಾಗೆ ಬರೆದುಬಿಟ್ಟರೆ ನಾನು ನಕ್ಕು ಸುಮ್ಮನಾಗುತ್ತೇನೆ ಅಂದುಕೊಂಡೆಯಾ? ಯುದ್ಧ ಮುಗಿದ ವರ್ಷ ಈ ಕಣಿವೆಯ ಹೊಲಗಳಲ್ಲಿ ಸೈನ್ಯದವರು ಬಿಟ್ಟುಹೋದ ಸಿಡಿಯದ ಗುಂಡುಗಳು ಆಲೂಗೆಡ್ಡೆಗಿಂತ ಹೆಚ್ಚು ಸಿಗುತ್ತಿದ್ದವು. ಊರಿನ ಹುಡುಗರೆಲ್ಲ ಅವುಗಳ ಹಿತ್ತಾಳೆ ಆಯ್ದು ಮಾರಲು ಹೋಗುತ್ತಿದ್ದಿರಿ. ಒಬ್ಬನ ಕೈ ಹೋಯಿತು, ಒಬ್ಬನ ಕಣ್ಣು, ಇನ್ನಿಬ್ಬರು ಹೋಗಿಯೇಬಿಟ್ಟರು. ನಿನ್ನ ಮುಖದ ಎಡಭಾಗ ಹೋಯಿತು. ಹತ್ತು ವರ್ಷದ ಹುಡುಗ ನೀನು. ಆಸ್ಪತ್ರೆಯಿಂದ ನೀನು ಮನೆಗೆ ಬರುವ ಮುಂಚೆ ಅಮ್ಮ ಕನ್ನಡಿಗಳನ್ನೆಲ್ಲ ತೆಗೆದು ಚಿಕ್ಕಮ್ಮನ ಮನೆಗೆ ಸಾಗಿಸಿದಳು. ಇವತ್ತಿಗೂ ನಾನು ತಲೆ ಬಾಚುವುದು ಅಂಗಡಿಯ ಗಾಜಿನಲ್ಲಿ ನೋಡಿಕೊಂಡು.

ನಿನ್ನನ್ನು ನೋಡಿ ಓಡಿದ ಎಷ್ಟು ಮಕ್ಕಳ ಕಿವಿ ಹಿಂಡಿದ್ದೇನೆ ನಾನು! "ಅವನೂ ನಿನ್ ಥರಾನೇ ಮನುಷ್ಯ ಕಣೋ, ಹೆದ್ರಬೇಡ" ಅಂತ ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಈಗ ನೀನೇ ದೀಪ ಹಾಕಿಸಿಕೊಂಡು "ಬನ್ನಿ, ಹೆದರಿ" ಅಂತ ನಿಂತಿದ್ದೀಯ. ನನ್ನ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆ ತೊಳೆದ ಹಾಗಾಯಿತು.

ಮರ್ಯಾದೆಯಿಂದ ಬಡಗಿ ಕೆಲಸ ಮಾಡು. ಇಲ್ಲದಿದ್ದರೆ ಊರಿಗೆ ಬಾ. ಅಮ್ಮನಿಗೆ ಹೇಳಿಲ್ಲ. ನಿನಗೋಸ್ಕರ ಅಲ್ಲ, ಅವಳಿಗೋಸ್ಕರ.

ಎರ್ಸೀಲಿಯಾ


ರೋಮ್, ಡಿಸೆಂಬರ್ 20, 1959

ಪ್ರೀತಿಯ ಅಕ್ಕ,

ನಿನ್ನ ಸಿಟ್ಟು ಇಳಿಯಲಿ ಅಂತ ಇಷ್ಟು ದಿನ ಕಾದೆ. ಇಳಿದಿಲ್ಲದಿದ್ದರೂ ಇದನ್ನು ಓದು. ಬೇರೆ ಯಾರಿಗೂ ಹೇಳಲು ಆಗದ್ದು.

ಶೂಟಿಂಗ್ ಮುಗಿಯಿತು. ಕಡೆಯ ವಾರ ಹೊಸಬರು ತುಂಬಾ ಜನ ಬಂದಿದ್ದರು. ಕೋಟೆಯ ಸುತ್ತಲಿನ ಹಳ್ಳಿಯವರ ಪಾತ್ರಕ್ಕೆ ಕರೆಸಿದವರು. ನನ್ನನ್ನು ಮೊದಲು ಕಂಡವರಲ್ಲ. ಅವರು ನೋಡಿದ್ದು ಬೋಟಿ ಮೆತ್ತಿಕೊಂಡ ರಾಕ್ಷಸನನ್ನು. ಎಲ್ಲರೂ ಹತ್ತಿರ ಬಂದು, ಕಣ್ಣು ಕದಲಿಸದೆ ನೋಡಿದರು. "ಎಷ್ಟು ಚೆನ್ನಾಗ್ ಮಾಡಿದಾರ್ರೀ! ಈ ರೆಪ್ಪೆ ನೋಡಿ, ಈ ತುಟಿ ನೋಡಿ!" ಅಂದರು. ಮುಖವಾಡ ಅಂದುಕೊಂಡಿದ್ದರು. ನಾನು ಉಸಿರು ಬಿಡಲಿಲ್ಲ.

ಅಕ್ಕ, ನನ್ನ ಮುಖವನ್ನು ಯಾರೂ ಇಷ್ಟು ಹೊತ್ತು ನೋಡಿದ್ದೇ ಇಲ್ಲ. ಊರಿನವರು ಒಳ್ಳೆಯವರು, ಆದರೆ ಮಾತಾಡುವಾಗ ನನ್ನ ಬಲಗಿವಿಯನ್ನೋ ಅಂಗಿಯ ಗುಂಡಿಯನ್ನೋ ನೋಡುತ್ತಾರೆ. ನೀನೂ ಹಾಗೇ ನೋಡುತ್ತೀಯ. ಬೇಜಾರು ಮಾಡಿಕೊಳ್ಳಬೇಡ.

ಬಟ್ಟೆ ಹೊಲಿಯುವ ಒಬ್ಬ ಹುಡುಗಿ ಇದ್ದಾಳೆ, ಫೆರ್ನಾಂದಾ. ಕಡೆಯ ವಾರ ಬಂದವಳು. ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡೇ ಮಾತಾಡುತ್ತಾಳೆ. ನನ್ನ ಕಾಲರು ಹೊಲಿಯುವಾಗ ಎಡಗೆನ್ನೆಯ ಮೇಲೆ ಬೆರಳಿಟ್ಟು ಮೆಲ್ಲನೆ ಸವರಿದಳು.

"ಅಂಟು ಎಲ್ಲಿ ಶುರುವಾಗುತ್ತೆ ಅಂತಾನೇ ಗೊತ್ತಾಗಲ್ಲ. ಬಿಸಿಯಾಗಿದೆ ಬೇರೆ! ಒಳಗೆ ಬೆಂದ್ಹೋಗಲ್ವಾ ನಿನ್ ಮುಖ?" ಅಂದಳು.

"ಅಭ್ಯಾಸ ಆಗಿದೆ" ಅಂದೆ.

"ಮಧ್ಯಾಹ್ನ ಇದನ್ನ ಕಿತ್ತಾಕಿ ನಮ್ ಜೊತೆ ಊಟಕ್ಕೆ ಬಾ. ಒಳಗೆ ಯಾರಿದಾನೆ ಅಂತ ನೋಡೋಣ."

ತೆಗೆಯಲು ಎರಡು ಗಂಟೆ ಹಿಡಿಯುತ್ತದೆ ಅಂದೆ. ಹಿತ್ತಿಲಲ್ಲಿ ಬೆಕ್ಕುಗಳ ಜೊತೆ ಕುಳಿತು ಉಂಡೆ. ಅವಳು ದಿನಾ ಕರೆದಳು, ದಿನಾ ನಾನು ಅದನ್ನೇ ಹೇಳಿದೆ.

ಚಿತ್ರದ ಮೊದಲಲ್ಲಿ ಬರುವ ಹೆಸರುಗಳನ್ನು ತೆರೆಂಜಿ ತೋರಿಸಿದರು. ರಾಕ್ಷಸ: ಹ್ಯಾರಿ ಫೆನ್‌ವಿಕ್. ಅದು ನಾನು. ಅದರ ಕೆಳಗೆ, ಮುಖವಾಡ: ಆರ್ಥರ್ ಗ್ಲೆನ್‌ಮೋರ್. "ಇವ್ರು ಯಾರು?" ಅಂದೆ. "ಯಾರೂ ಇಲ್ಲ. ಮುಖವಾಡಕ್ಕೆ ಒಂದು ಹೆಸರು ಬೇಕಲ್ಲಪ್ಪ" ಅಂದರು.

ಫೆರ್ನಾಂದಾ ಮುಂದಿನ ಚಿತ್ರಕ್ಕೂ ಇರುತ್ತಾಳಂತೆ. ಅವಳಿಗೆ ಹೇಳಬೇಕೋ ಬೇಡವೋ ತಿಳಿಯುತ್ತಿಲ್ಲ. ಕ್ರಿಸ್‌ಮಸ್ಸಿಗೆ ಬರಲಾರೆ, ಅಮ್ಮನಿಗೆ ಏನಾದರೂ ಹೇಳು.

ಒರೇಸ್ತೆ


ಕೊಲ್ಲೆರಾಮೊ, ಜನವರಿ 9, 1960

ಒರೇಸ್ತೆ,

ಕ್ರಿಸ್‌ಮಸ್ ದಿನ ಅಮ್ಮ ನಿನಗೂ ಒಂದು ತಟ್ಟೆ ಇಟ್ಟಿದ್ದಳು. ನಿನಗೆ ಜ್ವರ ಅಂತ ಹೇಳಿದೆ. ಅದಕ್ಕೆ ಈಗ ನಿನ್ನ ಜ್ವರಕ್ಕೆ ಹರಕೆ ಹೊತ್ತಿದ್ದಾಳೆ. ಗುಣವಾಯಿತು ಅಂತ ಬೇಗ ಒಂದು ಸಾಲು ಬರೆ.

ನೀನು ಬರೆದದ್ದು ನಿಜ. ನಾನೂ ಗುಂಡಿಯನ್ನೇ ನೋಡುತ್ತೇನೆ. ಅದನ್ನು ಓದಿದ ದಿನ ಅಂಗಡಿಯಲ್ಲಿ ಉಪ್ಪು ಕೇಳಿದವರಿಗೆ ಬೆಂಕಿಪೊಟ್ಟಣ ಕೊಟ್ಟೆ.

ಆ ಹುಡುಗಿಗೆ ಹೇಳಿಬಿಡು. ನೀನೇ ಹೇಳು, ಅವಳಾಗಿ ಕಂಡುಕೊಳ್ಳುವುದು ಬೇಡ. ಹೇಳಿದ ಮೇಲೆ ಓಡಿಹೋದರೆ ಹೋಗಲಿ ಕತ್ತೆ. ಓಡದಿದ್ದರೆ ಅವಳ ಅಳತೆ ಕಳಿಸು, ಅಂಗಿ ಹೆಣೆಯುತ್ತೇನೆ. ಎರಡೂ ತೋಳು ಒಂದೇ ಉದ್ದ ಮಾಡುತ್ತೇನೆ.

ನಿನ್ನ ಅಕ್ಕ


ರೋಮ್, ಏಪ್ರಿಲ್ 3, 1960

ಪ್ರೀತಿಯ ಅಕ್ಕ,

ಹೇಳಲಿಲ್ಲ. ಅದನ್ನು ಮೊದಲೇ ಬರೆದುಬಿಡುತ್ತೇನೆ, ನೀನು ಕಾಗದ ತಿರುವಿ ಹುಡುಕುವುದು ಬೇಡ. ಹಿಂದಿನ ಚಿತ್ರ ಮುಗಿದ ಮೇಲೆ ಫೆರ್ನಾಂದಾಳ ಕಣ್ಣಿಗೇ ಬಿದ್ದಿಲ್ಲ.

ಚಿತ್ರ ಇಲ್ಲಿ ಒಂದು ವಾರ ಓಡಿ ನಿಂತಿತು. ಅಷ್ಟರಲ್ಲಿ ಅಮೆರಿಕದಿಂದ ಕೊಳ್ಳುವವರು ಬಂದು ನೋಡಿದರು. ಕಥೆ ಹಿಡಿಸಲಿಲ್ಲ, ಕೋಟೆ ಅಲ್ಲಾಡುತ್ತದೆ ಅಂದರು. ಅದು ನಾನು ಕಟ್ಟಿದ್ದು, ನಿಜವಾಗಿ ಅಲ್ಲಾಡುತ್ತದೆ. ಆದರೆ ಮುಖವಾಡಕ್ಕೆ ಮರುಳಾದರು. ಇಂಥದ್ದನ್ನು ನಮ್ಮ ದೇಶದಲ್ಲೂ ಮಾಡಲಾರರು, ಈ ಗ್ಲೆನ್‌ಮೋರ್ ಅವರನ್ನು ನಾವು ಕಾಣಬೇಕು ಅಂದರಂತೆ. ಗ್ಲೆನ್‌ಮೋರ್ ಅವರಿಗೆ ಮೈ ಸರಿಯಿಲ್ಲ, ಎಡಿನ್‌ಬರೋದಲ್ಲಿ ಹಾಸಿಗೆ ಹಿಡಿದಿದ್ದಾರೆ ಅಂತ ತೆರೆಂಜಿ ಬಾಯಿಗೆ ಬಂದದ್ದು ಹೇಳಿದರು. ಹಾಗಾದರೆ ಅದೇ ಮುಖವಾಡ ಇಟ್ಟುಕೊಂಡು ಇನ್ನೊಂದು ಚಿತ್ರ ಮಾಡಿ, ರಾಕ್ಷಸ ಮಾತ್ರ ಇನ್ನೂ ಎತ್ತರದ ಆಳಾಗಿರಲಿ ಅಂತ ಹೇಳಿ ಹೋದರು.

ಹಾಗಾಗಿ ಈಗ ಒಬ್ಬ ಕುಸ್ತಿಯವನನ್ನು ಹಿಡಿದು ತಂದಿದ್ದಾರೆ. ವಾಲ್ತೆರ್ ಅಂತ. ಬಾಗಿಲಲ್ಲಿ ಬಗ್ಗಿ ಬರುವಷ್ಟು ಎತ್ತರ, ನೋಡಲು ಸುಂದರ. ಅವನಿಗೆ ನನ್ನ ಮುಖ ಬೇಕು. ತೆರೆಂಜಿ ನನ್ನನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈಹಾಕಿದರು.

"ಪ್ಲಾಸ್ಟರ್ ಹಚ್ಚಿ ಅಚ್ಚು ತೆಗೀತೀವಿ, ಅಷ್ಟೇ. ಅರ್ಧ ಗಂಟೆ ಕೆಲ್ಸ. ನೋವಾಗಲ್ಲ. ನಿನ್ ಮುಖ ನಿನ್ ಹತ್ರಾನೇ ಇರುತ್ತಲ್ಲಪ್ಪ, ಹೋಗೋದೇನು?"

ಯೋಚಿಸಿ ಹೇಳುತ್ತೇನೆ ಅಂದೆ. ಆದರೆ ರಾತ್ರಿ ನಿದ್ದೆ ಬರುತ್ತಿಲ್ಲ. ರಾಕ್ಷಸನಾಗಿ ನಿಂತಾಗ ಅದು ನಾನೇ ನಿಂತದ್ದು. ಹೆದರಿಸಿದರೆ ನಾನು ಹೆದರಿಸಿದ್ದು. ಇದು ಹಾಗಲ್ಲ. ಕೊಟ್ಟುಬಿಡಲೇ? ಬೇಡ ಅಂದರೆ ಇಲ್ಲಿನ ಕೆಲಸ ಹೋಗುತ್ತದೆ, ಫೆರ್ನಾಂದಾ ಇರುವ ಕಡೆಯಿಂದ ನಾನು ದೂರ ಹೋಗುತ್ತೇನೆ. ಈಸ್ಟರ್ ಕಳೆದ ಕೂಡಲೇ ಉತ್ತರ ಹೇಳಬೇಕು. ಅಷ್ಟರೊಳಗೆ ನೀನು ಬರೆ. ಬೈದರೂ ಸರಿ.

ಒರೇಸ್ತೆ


ಕೊಲ್ಲೆರಾಮೊ, ಏಪ್ರಿಲ್ 25, 1960

ನನ್ನ ಒರೇಸ್ತೆ,

ಕೊಡಬೇಡ. ತಡವಾಗಿ ಬರೆಯುತ್ತಿದ್ದೇನೆ, ಬೈದುಕೊಳ್ಳಬೇಡ. ಕೊಡಬೇಡ.

ತಡವಾದದ್ದು ಯಾಕೆ ಅಂದರೆ ನಿನ್ನ ಚಿತ್ರ ನಮ್ಮೂರಿಗೆ ಬಂದಿತ್ತು. ಪಾದ್ರಿಗಳು ಇದನ್ನು ಯಾರೂ ನೋಡಕೂಡದು ಅಂತ ಚರ್ಚಿನ ಬಾಗಿಲಿಗೆ ಚೀಟಿ ಅಂಟಿಸಿದರು. ಅದಾದ ಮೇಲೆ ಕೇಳಬೇಕೇ, ಊರಿಗೆ ಊರೇ ಹೊರಟಿತು. ಚೌಕದಲ್ಲಿ ಪೋಸ್ಟರ್ ಹಾಕಿದ್ದರು. ನಾನು ಅಮ್ಮನನ್ನು ಬೇರೆ ಬೀದಿಯಿಂದ ಪೂಜೆಗೆ ಕರೆದುಕೊಂಡು ಹೋದೆ. ಅಲ್ಲೂ ಒಂದು ಪೋಸ್ಟರ್ ಇತ್ತು. ಅಮ್ಮನಿಗೆ ಓದಲು ಬರುವುದಿಲ್ಲ ನಿಜ, ಆದರೆ ಅದರಲ್ಲಿ ಓದುವಂಥದ್ದೇನಿತ್ತು? ನಿಂತು ನೋಡಿದಳು. "ಇದು ನನ್ ಮಗ" ಅಂದಳು. ಸಂಜೆ ಕಪ್ಪು ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದಳು. ತಡೆಯುವ ಧೈರ್ಯ ನನಗೆ ಬರಲಿಲ್ಲ.

ಪರದೆಯ ಮೇಲೆ ಹೆಸರು ಬರುವಾಗ ಪ್ರತಿಯೊಂದನ್ನೂ ಓದಿಸಿದಳು.

"ಇದೇನು ಬರ್ದಿರೋದು?"

"ಮುಖವಾಡ, ಆರ್ಥರ್ ಗ್ಲೆನ್‌ಮೋರ್."

"ಯಾರವನು?"

"ಯಾರೂ ಇಲ್ಲಮ್ಮ."

"ಯಾರೂ ಇಲ್ದೋನಿಗ್ಯಾಕೆ ಹೆಸ್ರು?" ಅಂದಳು. ಹಿಂದಿನವರು ಶ್ ಅಂದರು.

ಆಮೇಲೆ ನೀನು ಕೆಸರಿನಿಂದ ಎದ್ದೆ. ಮೊದಲು ಕೂಗಿದವನು ಕ್ಷೌರದಂಗಡಿಯ ಎಲಿಜಿಯೊ. "ಅಯ್ಯೋ, ನಮ್ ಒರೇಸ್ತೆ ಅಲ್ವೇನ್ರೋ ಅದು!" ಅಷ್ಟೇ, ಇಡೀ ಟಾಕೀಸು ಎದ್ದು ನಿಂತಿತು. ಶಿಳ್ಳೆ, ಚಪ್ಪಾಳೆ. "ಲೇ ಒರೇಸ್ತೆ, ಒದ್ದೆ ಬಟ್ಟೇಲಿ ನಿಂತ್ಕೋಬೇಡ ಕಣೋ, ನೆಗಡಿ ಹಿಡಿಯುತ್ತೆ!" ಅಂತ ಒಬ್ಬ. ನಾಯಕಿ ನಿನ್ನನ್ನು ಕಂಡು ಕಿರುಚಿದಾಗ ಮೂಲೆಮನೆಯ ಅಜ್ಜಿ ಎದ್ದು ನಿಂತು ಅವಳಿಗೆ ಬುದ್ಧಿ ಹೇಳಿದಳು: "ಯಾಕಮ್ಮ ಹಂಗೆ ಬಾಯ್ ಬಡ್ಕೋತೀಯ? ಅವ್ನೇನೂ ಮಾಡಲ್ಲ. ನಮ್ಮನೆ ಕಿಟಕಿ ಸರಿಮಾಡಿದ ಹುಡ್ಗ ಅವ್ನು!" ನೀನು ಬಾಯಿ ತೆರೆದಾಗ ಯಾರದ್ದೋ ಗಡಸು ದನಿ ಬಂತು, ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಟಲಿಯಲ್ಲಿ ನಿನಗೆ ಒಬ್ಬರೂ ಹೆದರದ ಊರು ಇದೊಂದೇ ಇರಬೇಕು. ನಾನೂ ನಕ್ಕೆ ಒರೇಸ್ತೆ. ಪರದೆಯ ಮೇಲೆ ನಿನ್ನ ಮುಖ ನಮ್ಮ ಮನೆಯ ಗೋಡೆಯಷ್ಟು ದೊಡ್ಡದಿತ್ತು, ಗುಂಡಿ ನೋಡುವ ಹಾಗಿರಲಿಲ್ಲ. ಪೂರ್ತಿ ನೋಡಿದೆ. ಅಮ್ಮನೂ ನಗುತ್ತಿದ್ದಳು.

ಕಡೆಗೆ ಅವರು ಪಂಜು ಹಿಡಿದು ನಿನ್ನನ್ನು ಸುತ್ತುವರಿದು ಬೆಂಕಿ ಹಚ್ಚಿದರು. ನೀನು ಇದನ್ನು ನನಗೆ ಬರೆದಿರಲಿಲ್ಲ. ಶಿಳ್ಳೆ ನಿಂತಿತು. ಎಲಿಜಿಯೊ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಅಮ್ಮ ಎದ್ದು, ಕುಳಿತವರ ಕಾಲು ತುಳಿದುಕೊಂಡು, ಸಾಲಿನಿಂದ ಹೊರಗೆ ನಡೆದಳು. ಬೀದಿಯಲ್ಲಿ ಹಿಡಿದೆ.

"ಮತ್ತೆ ಸುಟ್ರು" ಅಂದಳು. ಆವತ್ತಿನಿಂದ ಸರಿಯಾಗಿ ಊಟ ಮಾಡಿಲ್ಲ.

ಕೊಡಬೇಡ. ಕೆಲಸ ಹೋದರೆ ಹೋಗಲಿ. ಇವತ್ತೇ ಈ ಕಾಗದವನ್ನು ಬಸ್ಸಿನವನ ಕೈಗೆ ಕೊಟ್ಟು ಕಳಿಸುತ್ತಿದ್ದೇನೆ.

ಎರ್ಸೀಲಿಯಾ


ರೋಮ್, ಜುಲೈ 10, 1960

ಅಕ್ಕ,

ನಿನ್ನ ಕಾಗದಗಳೆಲ್ಲ ಬಂದವು. ಏಪ್ರಿಲಿನದು ಕೈಸೇರುವ ಮುಂಚೆಯೇ ಅಚ್ಚು ತೆಗೆದಾಗಿತ್ತು. ಆಮೇಲೆ ಬರೆಯಲು ಕೈ ಬರಲಿಲ್ಲ. ಇವತ್ತು ಎಲ್ಲವನ್ನೂ ಬರೆಯುತ್ತೇನೆ, ಯಾಕೆಂದರೆ ನಾನು ಮಾಡಬಾರದ್ದು ಒಂದನ್ನು ಮಾಡಿದ್ದೇನೆ.

ಉಸಿರಾಡಲು ಮೂಗಿಗೆ ಎರಡು ಟೊಳ್ಳು ಹುಲ್ಲುಕಡ್ಡಿ ಸಿಕ್ಕಿಸಿ, ಕಣ್ಣು ಬಾಯಿ ಮುಚ್ಚಿಸಿ, ಮೇಲೆ ಪ್ಲಾಸ್ಟರ್ ಸುರಿದರು. ಅದು ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಯಾರೂ ನನಗೆ ಹೇಳಿರಲಿಲ್ಲ. ನನ್ನ ಹಿಡಿತಕ್ಕೆ ಕುರ್ಚಿಯ ಕೈ ಮುರಿಯಿತು ಅಂತ ಆಮೇಲೆ ಹೇಳಿದರು, ನನಗೆ ನೆನಪಿಲ್ಲ.

ರಬ್ಬರಿನ ಮುಖ ಬಂತು. ರೆಪ್ಪೆ, ತುಟಿ, ಕಿವಿಯ ಜಾಗದ ತೂತು, ಎಲ್ಲ ಹಾಗೇ. ವಾಲ್ತೆರ್ ಅದನ್ನು ತೊಟ್ಟು ದಿನವೆಲ್ಲ ಓಡಾಡುತ್ತಿದ್ದ. ಊಟದ ಗಂಟೆ ಹೊಡೆದ ಕೂಡಲೇ ಗಲ್ಲದ ಕೆಳಗೆ ಕೈಹಾಕಿ ಸರ್ರನೆ ಎಳೆದು, ಬೆವರು ಒರೆಸಿ, ಮೊಳೆಗೆ ನೇತುಹಾಕಿ, "ಉಸ್ಸಪ್ಪಾ!" ಅಂತ ಎಲ್ಲರ ಜೊತೆ ಊಟಕ್ಕೆ ಕೂರುತ್ತಿದ್ದ. ಆ ಮೊಳೆ ಹೊಡೆದವನು ನಾನೇ. ಒಳ್ಳೆಯ ಹುಡುಗ ಅವನು, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅವನು ತೆಗೆದಿಡುವುದನ್ನು ನೋಡಿದಾಗಲೆಲ್ಲ ನನಗೆ ಅಸೂಯೆಯಾಗುತ್ತಿತ್ತು.

ಹೊಸ ಚಿತ್ರದ ಮೊದಲ ದಿನ ಫೆರ್ನಾಂದಾ ಬಂದಾಗ ಮುಖ ಮೊಳೆಯಲ್ಲಿತ್ತು, ನಾನು ಅದರ ಕೆಳಗೆ ಹಲಗೆ ಕೊಯ್ಯುತ್ತಿದ್ದೆ. ಅದನ್ನು ನೋಡಿದಳು, ನನ್ನನ್ನು ನೋಡಿದಳು. ಬಾಯಿಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಸೂಜಿಮೆತ್ತೆಗೆ ಚುಚ್ಚಿದಳು.

"ಹಾಗಾದ್ರೆ ದಿನಾ ಒಬ್ನೇ ಉಂಡಿದ್ದು ಇದಕ್ಕಾ?"

"ಹೂಂ."

"ನಾನು ನಿನ್ ಕೆನ್ನೆ ಮುಟ್ಟಿದೆ. ರಬ್ಬರು ಅಂತ."

"ಗೊತ್ತು."

"ನೀನು ಸುಮ್ನಿದ್ದೆ. ನನ್ನನ್ನ ಎಂಥ ಪೆದ್ದಿ ಮಾಡ್ದೆಯೋ!" ಅಂದಳು. ಕಣ್ಣಲ್ಲಿ ನೀರಿತ್ತು. ಹೆದರಿ ಅಲ್ಲ ಅಂತ ನನಗೆ ಗೊತ್ತಾಯಿತು, ಅದಕ್ಕೇ ಇನ್ನೂ ಕಷ್ಟವಾಯಿತು. ಆಮೇಲೆ ಅವಳು ನನ್ನ ಜೊತೆ ಮಾತಾಡಿಲ್ಲ. ನೀನು ಹೇಳಿದಾಗಲೇ ಹೇಳಬೇಕಿತ್ತು.

ಇನ್ನು ನಾನು ಮಾಡಿದ್ದು. ಈ ಚಿತ್ರದಲ್ಲೂ ಕಡೆಗೆ ರಾಕ್ಷಸನನ್ನು ಸುಡುತ್ತಾರೆ. ವಾಲ್ತೆರ್ ಕೂಗಿದ್ದು ತೆರೆಂಜಿಗೆ ಹಿಡಿಸಲಿಲ್ಲ, ಹಲ್ಲುನೋವು ಬಂದವನ ಹಾಗಿದೆ ಅಂದರು. ಎಲ್ಲರ ಮುಂದೆ ನನ್ನ ಕಡೆ ತಿರುಗಿ, "ಒರೇಸ್ತೆ, ನಿಂಗೊತ್ತಲ್ಲ, ನಿಜವಾಗ್ಲೂ ಸುಟ್ಕೊಂಡಾಗ ನೀನ್ ಹೆಂಗ್ ಕೂಗಿದ್ದೆ? ಇವನಿಗೊಂಚೂರು ಹೇಳ್ಕೊಡು" ಅಂದರು. ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ಉಳಿ ಎಲ್ಲಿದೆ ಅಂತ ಕೇಳಿದ ಹಾಗೆ ಕೇಳಿದರು.

"ನಾನು ಕೂಗ್ಲಿಲ್ಲ. ಕೂಗಿದ್ದು ನಮ್ಮಮ್ಮ" ಅಂದೆ.

ಅವರ ಕಣ್ಣು ಅರಳಿತು. ಹೇಗೆ, ಎಲ್ಲಿಂದ, ಎಷ್ಟು ಹೊತ್ತು ಅಂತ ಕೇಳಿದರು. ನಾನು ಹೇಳಿದೆ ಅಕ್ಕ. ಯಾಕೆ ಹೇಳಿದೆನೋ. ಕೇಳಿದ್ದಕ್ಕೆಲ್ಲ ಉತ್ತರ ಕೊಡುವುದು ಅಭ್ಯಾಸವಾಗಿತ್ತು. ಹೊಗೆ, ಹೊಲ, ಅಮ್ಮ ಬಟ್ಟೆ ಒಣಹಾಕುತ್ತಿದ್ದದ್ದು, ಆ ಕೂಗು. ಮರುದಿನವೇ ಚಿತ್ರಕ್ಕೆ ಒಬ್ಬ ತಾಯಿ ಬಂದಳು. ರಾಕ್ಷಸನ ತಾಯಿ.

ಹೋದ ವಾರ ಡಬ್ಬಿಂಗ್ ಕೋಣೆಗೆ ಕಿರುಗುಟ್ಟುವ ಒಂದು ಬಾಗಿಲು ಬೇಕು ಅಂದರು, ಹೊತ್ತುಕೊಂಡು ಹೋದೆ. ಅಲ್ಲಿ ಒಬ್ಬ ದಪ್ಪ ಹೆಂಗಸು ಕನ್ನಡಕ ಹಾಕಿಕೊಂಡು ನಿಂತಿದ್ದಳು. ದೀಪ ಆರಿತು, ಪರದೆಯ ಮೇಲೆ ನನ್ನ ಮುಖ ಉರಿಯಿತು, ಆ ಹೆಂಗಸು ಅಮ್ಮನ ಕೂಗನ್ನು ಕೂಗಿದಳು. ಮೂರು ಸಲ ಕೂಗಿದಳು. ನಡುವೆ ನೀರು ಕುಡಿದಳು. ಮೂರನೆಯದಕ್ಕೆ ತೆರೆಂಜಿ ಶಭಾಷ್ ಅಂದರು.

ನಾನು ಬಾಗಿಲನ್ನು ಅಲ್ಲೇ ಬಿಟ್ಟು ಬಂದೆ, ಮತ್ತೆ ಕೆಲಸಕ್ಕೆ ಹೋಗಿಲ್ಲ. ಮುಖ ನನ್ನದು, ಕೊಟ್ಟೆ, ಹಾಳಾಗಿ ಹೋಗಲಿ. ಆ ಕೂಗು ಅಮ್ಮನದು. ನನ್ನ ಈ ಮುಖವನ್ನು ಮೊದಲು ನೋಡಿದವಳು ಅವಳು. ನೋಡಿ ಕೂಗಿದಳು. ಇವತ್ತಿಗೂ ಯಾರಾದರೂ ನನ್ನನ್ನು ಕಂಡು ಬೆಚ್ಚಿದರೆ ನನಗೆ ಕೇಳಿಸುವುದು ಆ ಕೂಗೇ. ಅವಳ ಮೇಲೆ ಇದಕ್ಕಾಗಿ ಯಾವತ್ತೂ ಬೇಜಾರು ಮಾಡಿಕೊಂಡವನಲ್ಲ, ಹೆತ್ತವಳಾದರೂ ಮನುಷ್ಯಳಲ್ಲವೇ. ಆದರೆ ಅದು ಮಾರುವ ವಸ್ತುವಾಗಿರಲಿಲ್ಲ. ಈಗ ಅದು ಊರೂರು ತಿರುಗುತ್ತದೆ. ನಮ್ಮೂರಿಗೆ ಬಂದರೆ ಅಮ್ಮನನ್ನು ಹೋಗಗೊಡಬೇಡ. ಈ ಕಾಗದವನ್ನೂ ಓದಿ ಹೇಳಬೇಡ. ಯಾವ ಮುಖ ಇಟ್ಟುಕೊಂಡು ಬರಲಿ ಹೇಳು.

ಒರೇಸ್ತೆ


ಕೊಲ್ಲೆರಾಮೊ, ಜುಲೈ 16, 1960

ಒರೇಸ್ತೆ,

ಓದಿ ಹೇಳಿದೆ. ಅಂಚೆಯವನು ಬಂದಾಗ ಅಮ್ಮ ಅಂಗಡಿಯ ಮೆಟ್ಟಿಲ ಮೇಲೆ ಹುರುಳಿಕಾಯಿ ಬಿಡಿಸುತ್ತಿದ್ದಳು, ನನ್ನ ಮೋರೆ ನೋಡಿಯೇ "ಜೋರಾಗಿ ಓದು" ಅಂದಳು. ನಡುವೆ ಒಂದು ಸಾಲು ಹಾರಿಸಿದೆ, "ಏನೋ ಬಿಟ್ಟೆ, ಮತ್ತೆ ಓದು" ಅಂದಳು. ಹೇಗೆ ಗೊತ್ತಾಗುತ್ತದೋ ಇವಳಿಗೆ. ಹಾಗಾಗಿ ಎಲ್ಲ ಓದಿದೆ. ಬಿಡಿಸುವುದನ್ನು ನಿಲ್ಲಿಸಿರಲಿಲ್ಲ. ಆ ಹೆಂಗಸು ಕೂಗಿದ ಕಡೆಗೆ ಬಂದಾಗ ನಿಲ್ಲಿಸಿದಳು.

"ಮೂರ್ ಸಲಾನಾ?"

"ಮೂರು ಸಲ ಅಂತ ಬರ್ದಿದಾನೆ."

"ನಾನು ಕೂಗಿದ್ದು ಒಂದೇ ಸಲ."

"ಗೊತ್ತಮ್ಮ. ಅವತ್ತು ಓಡಿ ಬಂದಾಗ ನಾನೂ ಕೇಳಿದ್ದೆ."

"ನಿಂಗೇನ್ ಗೊತ್ತು? ನಿಂಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ" ಅಂತ ರೇಗಿದಳು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ, ಹಾಗೇ ಬರೆಯಬೇಕು ಅಂತ ಪಕ್ಕದಲ್ಲೇ ಕುಳಿತಿದ್ದಾಳೆ:

"ಢಂ ಅಂತ ಸದ್ದಾಯ್ತು. ಹೊಲದ್ ತುಂಬಾ ಹೊಗೆ. ಮಗ ಕಾಣ್ತಿಲ್ಲ. ಆಗ ಕೂಗ್ದೆ. ಸತ್ತೇ ಹೋದ ಅಂತ ಕೂಗ್ದೆ. ಆಮೇಲೆ ಹೊಗೆಯಿಂದ ನಡ್ಕೊಂಡ್ ಬಂದ. ಮುಖ ನೋಡ್ದೆ. ನೋಡಿದ್ಮೇಲೆ ಕೂಗ್ಲಿಲ್ಲ. ಏಪ್ರನ್ ಬಾಯಿಗ್ ತುರುಕ್ಕೊಂಡೆ, ಮಗು ಹೆದರ್‌ಕೊಳ್ಳುತ್ತೆ ಅಂತ. ಅದರ ಉಪ್ಪುಪ್ಪು ರುಚಿ ಈಗ್ಲೂ ನಾಲಗೆ ಮೇಲಿದೆ. ಬದುಕಿದಾನಲ್ಲಪ್ಪಾ ದೇವ್ರೇ ಅನ್ಕೊಂಡೆ, ಅಷ್ಟೇ. ಬರಿ ಅವನಿಗೆ. ಅವನ್ ಮುಖ ನೋಡಿ ಅವನ್ ತಾಯಿ ಒಂದಿನಾನೂ ಕೂಗಿಲ್ಲ ಅಂತ ಬರಿ."

ಬರೆದಿದ್ದೇನೆ.

ನಿನ್ನ ಅಕ್ಕ,
ಎರ್ಸೀಲಿಯಾ